ಅಕ್ಕನ ಮಗನ ಪಿಕಪ್ಪು

ಅಕ್ಟೋಬರ್ ಮೊದಲ ವಾರ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಒಂದ್ ಪಿಕಪ್ ತಗೋಬೇಕಂತ ಮಾಡೀನಿ. ಜಿಎಸ್‌ಟಿ ಇಳದೈತಂತ. ನಾಳೆ ಹಾವೇರಿ ಷೋರೂಮಿಗೆ ಬರ್ತೀಯೇನು?"

ಜಿಎಸ್‌ಟಿ ಇಳಿದಿದ್ದು ಖರೆ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಿಸುವ ಗಾಡಿಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಬಂತು. ಅವತ್ತಿನಿಂದ ನಮ್ಮ ಕಡೆ ಹುಡುಗರಿಗೆಲ್ಲ ಪಿಕಪ್ ಕನಸು. ಹೊಲ ಇದ್ದವನಿಗೆ ಹೆಣ್ಣು ಕೊಡೋದಿಲ್ಲ, ಗಾಡಿ ಇದ್ದವನಿಗಾದರೂ ಕೊಟ್ಟಾರು ಅನ್ನೋ ಲೆಕ್ಕವೂ ಅದರಲ್ಲಿ ಸ್ವಲ್ಪ ಇದೆ. 2018ರಲ್ಲಿ ನಾನು ಮೊದಲ ಪಿಕಪ್ ತಗೊಂಡಾಗ ಹೀಗೇ ಯಾರಿಗಾದರೂ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಷೋರೂಮಿನವನು ಕೊಟ್ಟ ಚಹಾ ಕುಡಿದು, ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿ, ಕೀಲಿ ಇಸಕೊಂಡು ಬಂದೆ.

"ನಾಳೆ ಷೋರೂಮ್ ಬ್ಯಾಡ. ಮೊದಲ ರಾಣೆಬೆನ್ನೂರಿಗೆ ನಮ್ಮ ಮನಿಗೆ ಬಾ. ಒಂದ್ ನೋಟಬುಕ್ ತಗೊಂಡು ಬಾ" ಅಂದೆ.

ಬಂದ. ನೋಟಬುಕ್ ಇರಲಿಲ್ಲ, ಮೂರು ಕಂಪನಿಯ ಬಣ್ಣಬಣ್ಣದ ಹಾಳೆ ಇದ್ದವು. "ಬೊಲೆರೊ ಪಿಕಪ್ ಛಲೋನೋ, ದೋಸ್ತ್ ಛಲೋನೋ, ಇಂಟ್ರಾ ಛಲೋನೋ ಹೇಳು ಮಾಮಾ" ಅಂದ. ಎಲ್ಲರೂ ಮೊದಲು ಕೇಳೋದು ಇದನ್ನೇ. ನಾನು ತಿರುಗಿ ಕೇಳಿದೆ: "ನೀ ಏನ್ ಹೇರತಿ?"

"ಎಲ್ಲಾ."

ಎಲ್ಲಾ ಅನ್ನೋ ಸರಕು ಇಲ್ಲ. ಬ್ಯಾಡಗಿ ಪೇಟೆಗೆ ಒಣಮೆಣಸಿನಕಾಯಿ ಹೇರಿದರೆ ಗಾಡಿ ತುಂಬುತ್ತದೆ, ತೂಕ ತುಂಬೋದಿಲ್ಲ. ಮೆಣಸಿನಕಾಯಿ ಹಗುರ, ಚೀಲ ಉಬ್ಬಿರುತ್ತದೆ. ಅಲ್ಲಿ ಬೇಕಾಗೋದು ಹಿಂದಿನ ತೊಟ್ಟಿಯ ಉದ್ದ. ಎಂಟು ಅಡಿಗೂ ಹತ್ತು ಅಡಿಗೂ ಒಂದು ಸಾಲು ಚೀಲದ ಫರಕು ಬೀಳುತ್ತದೆ. ಗೋವಿನಜೋಳ ಹೇರಿ ನೋಡಿ, ಉಲ್ಟಾ. ತೊಟ್ಟಿಯ ಅರ್ಧ ಖಾಲಿ ಇರುವಾಗಲೇ ಹಿಂದಿನ ಟೈರು ಕೂತುಬಿಡುತ್ತವೆ. 1.7 ಟನ್ನಿನ ಗಾಡಿ ಅಂದರೆ 50 ಕಿಲೋದ ಚೀಲ 34 ಮಾತ್ರ. ನಮ್ಮ ಹುಡುಗರು 34 ಹೇರಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಆ 1.7 ಕೂಡ ಹಾಳೆಯ ಮೇಲಿನ ಅಂಕಿ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತಾರೆ, ಖಾಲಿ ಗಾಡಿಯ ತೂಕ ಮತ್ತು ಒಟ್ಟು ತೂಕ. ಎರಡರ ನಡುವಿನದು ನಿಮ್ಮ ಸರಕು. ಗಾಡಿ ಬಂದ ಮರುದಿನವೇ ಗ್ಯಾರೇಜಿಗೆ ಹೋಗಿ ಕಬ್ಬಿಣದ ಪಟ್ಟಿ, ಎತ್ತರದ ಜಾಲರಿ, ಮೇಲೊಂದು ಕ್ಯಾರಿಯರ್ ಕಟ್ಟಿಸುತ್ತೇವಲ್ಲ, ಆ ಕಬ್ಬಿಣವೆಲ್ಲ ನಿಮ್ಮ ಸರಕಿನಿಂದ ಕಳೆಯುತ್ತದೆ. ಒಟ್ಟು ತೂಕ ಹೆಚ್ಚಾಗೋದಿಲ್ಲ. ನಾನು ಸ್ಪ್ರಿಂಗಿಗೆ ಒಂದು ಪ್ಲೇಟ್ ಜಾಸ್ತಿ ಹಾಕಿಸಿ, ಇನ್ನು ಎರಡೂವರೆ ಟನ್ ಎಳೆಯುತ್ತದೆ ಅಂದುಕೊಂಡಿದ್ದೆ. ಎಳೆಯಿತು ಕೂಡ. ಆದರೆ ಸ್ಪ್ರಿಂಗ್ ಗಟ್ಟಿಯಾದರೆ ಬ್ರೇಕ್ ಗಟ್ಟಿಯಾಗೋದಿಲ್ಲ. 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಬ್ಯಾಡಗಿಗೆ ಹತ್ತು ಸಲ ಬಾಡಿಗೆ ಹೊಡೆದರೂ ಅಷ್ಟು ಉಳಿಯೋದಿಲ್ಲ.

ಇನ್ನೊಂದು ಅಂಕಿ 3,000. ಒಟ್ಟು ತೂಕ 3,000 ಕಿಲೋ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ದಾಟಿತೆಂದರೆ ಬೇಕು. ದೊಡ್ಡ ಪಿಕಪ್‌ಗಳು ದಾಟುತ್ತವೆ. ಷೋರೂಮಿನವನು "ಎಲ್ಲಾ ನಾವ ಮಾಡಿಸಿ ಕೊಡ್ತೀವ್ರೀ" ಅಂತಾನೆ, ಆ ಎಲ್ಲಾದೊಳಗೆ ಪರ್ಮಿಟ್ ಐತೋ ಇಲ್ಲೋ ಕೇಳಿಕೊಳ್ಳಬೇಕು. ಲೈಸೆನ್ಸ್ ತಾಪತ್ರಯ ಮಾತ್ರ ಕಡಿಮೆಯಾಗಿದೆ. ಕಾರಿನ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು.

ಹುಡುಗ ಇಷ್ಟು ಕೇಳಿ ಒಂದು ಹಾಳೆ ಪಕ್ಕಕ್ಕಿಟ್ಟ. ಸಣ್ಣದು ಹೋಯಿತು.

"ಸಾಲ ಎಷ್ಟು?"

"ಎಂಟ್ ಲಕ್ಷ ಮಾಮಾ. ಏಳ್ ಪರ್ಸೆಂಟ್ ಅಷ್ಟ. ಬ್ಯಾಂಕಿಗಿಂತ ಕಡಿಮಿ!"

ಈ ಏಳು ಪರ್ಸೆಂಟಿನ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆಂದರೆ ನಾನೂ ಇದರಲ್ಲೇ ಬಿದ್ದವನು. ಅದು ಫ್ಲ್ಯಾಟ್ ಬಡ್ಡಿ. ಎಂಟು ಲಕ್ಷಕ್ಕೆ ವರ್ಷಕ್ಕೆ 56,000, ನಾಲ್ಕು ವರ್ಷಕ್ಕೆ 2,24,000. ಅಸಲು ಕೂಡಿಸಿ 48ರಿಂದ ಭಾಗಿಸಿದರೆ ತಿಂಗಳ ಕಂತು 21,333. ನೀವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಾ ಬರುತ್ತೀರಿ, ಆದರೆ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರಾ ಎಂಟು ಲಕ್ಷದ ಮೇಲೆಯೇ. ಬ್ಯಾಂಕಿನವರ ಹಾಗೆ ಉಳಿದ ಸಾಲಕ್ಕಷ್ಟೇ ಬಡ್ಡಿ ಅಂತ ಲೆಕ್ಕ ಹಾಕಿದರೆ ಅದೇ ಏಳು, ಹನ್ನೆರಡೂವರೆಗಿಂತ ಮೇಲೆ ಹೋಗುತ್ತದೆ. ಬ್ಯಾಂಕು ಹನ್ನೊಂದಕ್ಕೆ ಕೊಟ್ಟರೆ ಅದೇ ಅಗ್ಗ. ಮೊಬೈಲಿನಲ್ಲೇ ಲೆಕ್ಕ ಮಾಡಿ ತೋರಿಸಿದೆ. ಹುಡುಗ ಬಿ.ಕಾಂ. ಮಾಡ್ಯಾನ, ಆದರೂ ಎರಡು ಸಲ ಮಾಡಿಸಿದ.

ಕಂತಿಗಿಂತ ದೊಡ್ಡ ಪ್ರಶ್ನೆ, ಕಂತು ಕಟ್ಟೋ ತಿಂಗಳು ಯಾವುವು ಅನ್ನೋದು. ನಮ್ಮ ಕಡೆ ಅಕ್ಟೋಬರ್‌ನಿಂದ ಗೋವಿನಜೋಳ. ಜನವರಿಯಿಂದ ಏಪ್ರಿಲ್‌ವರೆಗೆ ಮೆಣಸಿನಕಾಯಿ. ಸೋಮವಾರ, ಗುರುವಾರ ಬ್ಯಾಡಗಿ ಪೇಟೆ ಅಂದರೆ ಮೋಟೆಬೆನ್ನೂರು ದಾಟಿದರೆ ಗಾಡಿಯೋ ಗಾಡಿ. ಅಲ್ಲಿಗೆ ಬರೋ ಕಾಯಿಯಲ್ಲಿ ಬಹಳಷ್ಟು ಬಳ್ಳಾರಿ, ರಾಯಚೂರು, ಆಂಧ್ರದ್ದು. ಅವು ದೊಡ್ಡ ಲಾರಿಯಲ್ಲೇ ಬರುತ್ತವೆ, ನಮ್ಮ ಪಿಕಪ್ಪಿಗೆ ಅವು ಸಿಗೋದಿಲ್ಲ. ಬ್ಯಾಡಗಿ ತಾಲ್ಲೂಕಿನಲ್ಲೇ ಎಷ್ಟೋ ಮಂದಿ ಮೆಣಸಿನಕಾಯಿ ಬಿಟ್ಟು ಗೋವಿನಜೋಳ ಹಾಕುತ್ತಾರೆ. ಮೇ-ಜೂನ್‌ನಲ್ಲಿ ಬೀಜ-ಗೊಬ್ಬರ. ಆಮೇಲೆ? ಜುಲೈ, ಆಗಸ್ಟ್, ಸೆಪ್ಟೆಂಬರ್ ಗಾಡಿ ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ. ಕಂತು ನಿಲ್ಲೋದಿಲ್ಲ. "ಮೂರು ತಿಂಗಳ ಕಂತು, ಅಂದ್ರ 64,000, ಗಾಡಿ ಬರೋಕಿಂತ ಮೊದಲ ನಿಮ್ಮವ್ವನ ಹೆಸರಿಗೆ ಪೋಸ್ಟ್ ಆಫೀಸಿನಾಗ ಇಡು. ಇಡಾಕ ಆಗಲಿಲ್ಲಂದ್ರ ಈ ವರ್ಷ ಗಾಡಿ ಬ್ಯಾಡ" ಅಂದೆ. ಮುಖ ಸಣ್ಣದು ಮಾಡಿದ.

ಇನ್ಶುರನ್ಸ್ ಮಾತು ಬಂದಾಗ ಅವನೇ ಹೇಳಿದ, ಎರಡನೇ ವರ್ಷದಿಂದ ಥರ್ಡ್ ಪಾರ್ಟಿ ಅಷ್ಟೇ ಕಟ್ಟಿದರೆ ಸಾಕಂತೆ, ಗೆಳೆಯ ಹೇಳ್ಯಾನ. ಅದೇನು ಪುಗಸಟ್ಟೆ ಅಲ್ಲ, ಈ ಗಾತ್ರದ ಗಾಡಿಗೆ ಅದೊಂದೇ ಹದಿನಾರು ಸಾವಿರದ ಮೇಲೆ. ನಾನು 2024ರ ಮಾರ್ಚ್ 11 ನೆನಪಿಸಿದೆ. ಆ ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿತ್ತು, ರೈತರು ಸಿಟ್ಟಿಗೆದ್ದರು, ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ಬೆಂಕಿ, ಗಲಾಟೆ, ಕಳವು ಇವೆಲ್ಲ ಪೂರ್ತಿ ಪಾಲಿಸಿಯೊಳಗೆ ಬರುತ್ತವೆ. ಸಾಲ ತೀರೋವರೆಗಾದರೂ ಪೂರ್ತಿ ಪಾಲಿಸಿ ಬೇಕು, ಇಲ್ಲದಿದ್ದರೆ ಸುಟ್ಟ ಗಾಡಿಗೆ ಕಂತು ಕಟ್ಟುತ್ತಾ ಕೂರಬೇಕಾಗುತ್ತದೆ.

ಇಷ್ಟೂ ಹೊತ್ತು ಅವನು ನನ್ನ ಮೊಬೈಲಿನಲ್ಲೇ ತನ್ನ ಆದಾಯದ ಲೆಕ್ಕ ಹಾಕುತ್ತಿದ್ದ. ಮಳೆಗಾಲದ ಮೂರು ಖಾಲಿ ತಿಂಗಳಿಗೆ ಒಂದು ಉಪಾಯ ಕಂಡಿತ್ತು. "ಮಾಮಾ, ಮುಂಜಾನೆ ಕಳೆ ತಗಿಯೋ ಹೆಣ್ಮಕ್ಕಳನ್ನ ಹೊಲಕ್ಕ ಬಿಟ್ಟು, ಸಂಜಿಕ ಕರ್ಕೊಂಡ್ ಬಂದ್ರ ತಲಿಗೆ ಮೂವತ್ತು ರೂಪಾಯಿ. ಇಪ್ಪತ್ತು ಮಂದಿ ಅಂದ್ರೂ ದಿನಾ ಆರನೂರು. ಕಂತು ಹೊಂಡತೈತಿ."

ನಾನು ಮಾತಾಡಲಿಲ್ಲ. ನನ್ನವಳು ಒಳಗಿನಿಂದ ಬಂದು, ಖಾಲಿ ಕಪ್ಪು ತಗೊಂಡು ಹೋದಳು. ಅವಳಿಗೆ ಗೊತ್ತು.

2019ರ ಮಳೆಗಾಲ. ಇದೇ ಲೆಕ್ಕ, ಇದೇ ಕೆಲಸ. ನಮ್ಮ ಓಣಿಯ ಹನ್ನೊಂದು ಹೆಣ್ಣುಮಕ್ಕಳು ಹಿಂದೆ ನಿಂತಿದ್ದರು, ಬುತ್ತಿ ಗಂಟು, ಕುರ್ಚಿಗಿ ಹಿಡಕೊಂಡು. ಕೆರೆ ಏರಿ ಇಳಿಯೋ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ನಾನು ಜೋರು ಓಡಿಸುತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬ್ರೇಕ್ ಹಾಕಿದೆ. ಖಾಲಿ ಗಾಡಿ, ಪ್ಲೇಟ್ ಜಾಸ್ತಿ ಹಾಕಿಸಿದ ಗಟ್ಟಿ ಸ್ಪ್ರಿಂಗು, ಹಸಿ ಮಣ್ಣು. ಹಿಂದಿನ ಭಾಗ ಹಾರಿ ಪಕ್ಕಕ್ಕೆ ಜಾರಿತು. ಮೂವರು ಕೆಳಗೆ ಬಿದ್ದರು. ಇಬ್ಬರಿಗೆ ತರಚುಗಾಯ. ಒಬ್ಬಾಕಿಗೆ ಸೊಂಟದ ಎಲುಬು ಮುರಿಯಿತು. ನಮ್ಮ ಮನೆಯಿಂದ ನಾಲ್ಕನೇ ಮನೆ ಆಕೆಯದು.

ನನ್ನ ಪಾಲಿಸಿ ಚಾಲ್ತಿಯಲ್ಲಿತ್ತು. ಪೂರ್ತಿ ಪಾಲಿಸಿಯೇ. ವಿಮೆಯವರು ಒಂದು ಪತ್ರ ಬರೆದರು: ಅದು ಸರಕು ಗಾಡಿ, ಹಿಂದೆ ಇದ್ದದ್ದು ಪ್ರಯಾಣಿಕರು, ನಮ್ಮ ಹೊಣೆ ಇಲ್ಲ. ಸಿಟ್ಟು ಬಂದು ವಕೀಲರ ಹತ್ತಿರ ಹೋದೆ. ಅವರು ಕಾಯ್ದೆ ತೆಗೆದು ತೋರಿಸಿದರು. ಸರಕಿನ ಮಾಲೀಕ ಅಥವಾ ಅವನ ಪರವಾಗಿ ಬಂದವನು ಸರಕಿನ ಜೊತೆ ಕೂತಿದ್ದರೆ ವಿಮೆ ಇದೆ. 1994ರಲ್ಲಿ ತಿದ್ದುಪಡಿ ಮಾಡಿ ಅದನ್ನು ಸೇರಿಸಿದ್ದಾರೆ. ನಮ್ಮದೇ ಹಮಾಲರಿಗೆ ಬೇರೆ ಪ್ರೀಮಿಯಂ ಕಟ್ಟಿದ್ದರೆ ಅವರಿಗೂ ಉಂಟು. ಬರೀ ಪ್ರಯಾಣಕ್ಕೆ ಹತ್ತಿದವರಿಗೆ ಇಲ್ಲ, ಅದನ್ನು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಕೆಲವು ಕೇಸಿನಲ್ಲಿ ಕೋರ್ಟು ವಿಮೆಯವರಿಂದ ಮೊದಲು ಹಣ ಕೊಡಿಸಿದರೂ ಅವರು ಆಮೇಲೆ ಗಾಡಿ ಮಾಲೀಕನಿಂದಲೇ ವಸೂಲಿ ಮಾಡಿಕೊಳ್ಳಬಹುದು. ತಿರುಗಿ ತಿರುಗಿ ಬಂದು ನಿಲ್ಲೋದು ನಮ್ಮ ಹೊಸ್ತಿಲಿಗೇ.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಖರ್ಚು ನಾನೇ ಕೊಟ್ಟೆ. ಒಂದು ವರ್ಷ ಆಕೆಯ ಕೂಲಿ ಲೆಕ್ಕ ಹಾಕಿ ಕೊಟ್ಟೆ. 2021ರಲ್ಲಿ ಗಾಡಿ ಮಾರಿದೆ. ಸಾಲ ತೀರಿ ಕೈಗೆ ಬಂದದ್ದು ಅರವತ್ತು ಸಾವಿರ. ಆಕೆ ಈಗಲೂ ಕಾಲು ಎಳೆದುಕೊಂಡು ನಮ್ಮ ಮನೆ ಮುಂದೆ ನೀರಿಗೆ ಹೋಗುತ್ತಾಳೆ, "ಚಾ ಆತೇನಣ್ಣಾ" ಅಂತಾಳೆ. ಒಂದು ದಿನವೂ ಆ ಮಾತು ಎತ್ತಿಲ್ಲ. ಬೈದಿದ್ದರೆ ಛಲೋ ಇತ್ತು.

ಇದನ್ನು ಹುಡುಗನಿಗೆ ಹೇಳಿದೆ. ಬಿದ್ದಿದ್ದು ಅವನಿಗೆ ಗೊತ್ತಿತ್ತು, ಪತ್ರ ಬಂದದ್ದು ಗೊತ್ತಿರಲಿಲ್ಲ. 2025ರ ಜನವರಿ 22ರ ಬೆಳಗಿನ ಜಾವದ್ದನ್ನೂ ನೆನಪಿಸಿದೆ. ನಮ್ಮ ಜಿಲ್ಲೆಯ ಸವಣೂರಿನಿಂದ ಹಣ್ಣು-ತರಕಾರಿ ಹೇರಿಕೊಂಡು ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರದ ಹತ್ತಿರ ಉರುಳಿತು. ಸರಕಿನ ಜೊತೆಗೇ ವ್ಯಾಪಾರಿಗಳೂ ಇದ್ದರು. ಹತ್ತು ಮಂದಿ ಹೋದರು. "ಅದು ಘಟ್ಟ ಮಾಮಾ" ಅಂದ. "ಕೆರಿ ಏರಿ ಘಟ್ಟ ಅಲ್ಲೋ" ಅಂದೆ.

"ಎಲ್ಲಾರೂ ಹತ್ತಿಸ್ತಾರಲ್ಲ?"

"ಹತ್ತಿಸ್ತಾರ. ನಿಮ್ಮವ್ವನೂ ಹಂಗ ಯಾರದೋ ಗಾಡಿ ಹಿಂದ ನಿಂತ ಕೂಲಿಗೆ ಹೋಗ್ಯಾಳ, ನಿನ್ನ ಓದಿಸಾಕ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಆರನೂರು ರೂಪಾಯಿಯ ಸಾಲನ್ನು ಮೊಬೈಲಿನಿಂದ ಅಳಿಸಿದ. ಕಂತು ಹೊಂಡಲಿಲ್ಲ. ಆರು ಲಕ್ಷದ ಮೇಲೆ ಸಾಲ ಬೇಡ ಅಂತಾಯಿತು. ಉಳಿದದ್ದಕ್ಕೆ ಅಕ್ಕ ಗೋವಿನಜೋಳದ ದುಡ್ಡು, ಎರಡು ಎಮ್ಮೆ, ಎಲ್ಲ ಸೇರಿಸಿದಳು. ಅದು ಸರಿಯೋ ತಪ್ಪೋ ನಾನು ಹೇಳಲಾರೆ.

ಷೋರೂಮಿನ ಕೆಲಸ ಅರ್ಧ ದಿನದ್ದು. ಒಂದೇ ಮಾತು: ಗಾಡಿ ತಯಾರಾದ ತಿಂಗಳು-ವರ್ಷ ಮಾರಾಟದ ಪತ್ರ, ಅಂದರೆ ಫಾರಂ 21ರಲ್ಲಿ ಬರೆದಿರುತ್ತದೆ, ಚಾಸಿ ನಂಬರನ್ನು ಗಾಡಿಯ ಮೇಲಿನದರ ಜೊತೆ ಓದಿ ಹೊಂದಿಸಿಕೊಳ್ಳಬೇಕು. ನಮಗೆ ಮೊದಲು ತೋರಿಸಿದ್ದು ಎಂಟು ತಿಂಗಳು ಅಂಗಳದಲ್ಲಿ ನಿಂತಿದ್ದ ಗಾಡಿ. ಕೇಳಿದ್ದಕ್ಕೆ ಬೇರೆ ತರಿಸಿದರು. ಕೇಳದಿದ್ದರೆ ಅದನ್ನೇ ತೊಳೆದು ಕೊಡುತ್ತಿದ್ದರು. ಹೊಗೆ ಸೋಸುವ ಫಿಲ್ಟರ್ ಇರುವ ಈಗಿನ ಬಿಎಸ್-6 ಡೀಸೆಲ್ ಗಾಡಿ ಬರೀ ಹೊಲ-ಮನೆ ಅಂತ ಐದು ಕಿಲೋಮೀಟರ್ ಓಡಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಆಗಾಗ ಹೈವೇಗೆ ಒಯ್ಯಬೇಕು ಅನ್ನೋದನ್ನ ಅಲ್ಲಿಯ ಮೆಕ್ಯಾನಿಕ್ ಹುಡುಗ ಹೇಳಿದ. ಮಾರೋ ಹುಡುಗ ಹೇಳಿರಲಿಲ್ಲ.

ಪಾಡ್ಯದ ದಿನ ಗಾಡಿ ಬಂತು. ಹಾವೇರಿ ಅಂದರೆ ಏಲಕ್ಕಿ ಮಾಲೆ ಅಂತಾರೆ, ಅದು ಮಂತ್ರಿಗಳಿಗೆ. ನಮ್ಮ ಗಾಡಿಗೆ ಚೆಂಡು ಹೂವೇ. ಊರಿಂದ ಅಕ್ಕನ ಜೊತೆ ಒಂಬತ್ತು ಮಂದಿ ಹೆಣ್ಣುಮಕ್ಕಳು ಬಂದಿದ್ದರು. ಕದರಮಂಡಲಗಿ ಕಾಂತೇಶನಿಗೆ ಹೊಸ ಗಾಡಿಯಲ್ಲೇ ಹೋಗಿ ಕಾಯಿ ಒಡೆಸೋದು ಅಂತ ಹರಕೆ. ಎಲ್ಲರೂ ಸೀರೆ ಎತ್ತಿಕೊಂಡು ಹಿಂದೆ ಹತ್ತಲು ನಿಂತರು. ಷೋರೂಮಿನವನೇ ಸ್ಟೂಲ್ ತಂದಿಟ್ಟ.

ಹುಡುಗ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಗಾಡಿ ಅವನದು.

"ಅವ್ವಾ, ನೀ ಮುಂದ ಕುಂಡ್ರು. ಉಳಿದಾರು ಬಸ್ಸಿಗೆ ಬರ್ರಿ" ಅಂದ. ಒಂದು ಕ್ಷಣ ಎಲ್ಲ ಗಪ್. ಚಿಗವ್ವ ಒಬ್ಬಾಕಿ, "ಏನಲೇ, ಗಾಡಿ ಬಂದ ಕೂಡಲೇ ಸೊಕ್ಕು ಬಂತೇನು?" ಅಂದಳು. ಅಕ್ಕ ಮುಂದಿನ ಬಾಗಿಲ ಹಿಡಿದು ನಿಂತವಳು ಕೈ ಬಿಟ್ಟಳು. "ನಾನೂ ಬಸ್ಸಿಗೇ ಬರ್ತೀನಿ. ನಮಗೇನು, ಬಸ್ ಫ್ರೀ ಐತಿ" ಅಂದು ಅವರ ಜೊತೆ ನಡೆದಳು.

ನಾವಿಬ್ಬರೂ ಕಾಗದ-ಪತ್ರ ಮುಗಿಸಿ, ಮೋಟೆಬೆನ್ನೂರಿನಲ್ಲಿ ಡೀಸೆಲ್ ಹಾಕಿಸಿ, ಹೊಸ ಗಾಡಿ ಅಂತ ಮೆಲ್ಲಕ ಓಡಿಸಿ ಕದರಮಂಡಲಗಿ ಮುಟ್ಟುವಾಗ ಅವರೆಲ್ಲ ಗುಡಿ ಮುಂದೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಚಿಗವ್ವ ಎದ್ದು ಬಂದು ಗಾಡಿಯ ಹಿಂದೆ ಇಣುಕಿ, "ಅಯ್ಯ, ಇಷ್ಟ್ ಜಾಗಾ ಐತಿ" ಅಂದಳು.