ಎಂಟು ಡಾಲರಿನ ಕಾಲ

ಕಂದಾಯದ ಲೆಕ್ಕದಲ್ಲಿ ನಮ್ಮದು ತುಮಕೂರು ಜಿಲ್ಲೆ. ಮೇಷ್ಟರುಗಳ ಲೆಕ್ಕದಲ್ಲಿ ಮಾತ್ರ ಮಧುಗಿರಿಯೇ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ಶೈಕ್ಷಣಿಕ ಜಿಲ್ಲೆ. ಇದಕ್ಕೆ ಡಿಸಿ ಇಲ್ಲ, ಡಿಡಿಪಿಐ ಇದ್ದಾರೆ. ಮಳೆ ನಂಬಿ ಕಡಲೆಕಾಯಿ, ರಾಗಿ ಬಿತ್ತುವ ಸೀಮೆಗೆ ಓದಿಗೆಂದೇ ಬೇರೊಂದು ಜಿಲ್ಲೆ ಮಾಡಿದವರು ಯಾರೋ, ನಮ್ಮನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಇಲ್ಲಿ ಬೆಳೆ ಹೋದ ವರ್ಷವೂ ಹುಡುಗರು ಸ್ಕೂಲು ಬಿಟ್ಟದ್ದು ಕಡಿಮೆ. ಹೊಲದಲ್ಲಿ ಕೆಲಸವಿದ್ದರಲ್ಲವೆ ಬಿಡುವುದು!

ನಮ್ಮೂರು ಚನ್ನರಾಯನದುರ್ಗದಲ್ಲಿ (ಸಿ.ಎನ್. ದುರ್ಗ ಎಂದರೆ ಬಸ್ಸಿನವರಿಗೆ ಬೇಗ ತಿಳಿಯುತ್ತದೆ) ಓದಿ ಮುಂದೆ ಬಂದವರ ಕತೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತಿದ್ದವು. ಬೆಟ್ಟದ ಬುಡದ ಶಾಲೆ, ಕೊರಟಗೆರೆ ಇಲ್ಲವೆ ಮಧುಗಿರಿಯ ಹೈಸ್ಕೂಲು, ಆಮೇಲೆ ಟ್ರಂಕು ಹೊತ್ತು ತುಮಕೂರು. ಅಲ್ಲಿ ಸಿದ್ಧಗಂಗೆ ಇತ್ತು. ಇಂದಿಗೂ ಇದೆ. ಸುಮಾರು ಹತ್ತು ಸಾವಿರ ಮಕ್ಕಳಿಗೆ ಜಾತಿ ಕೇಳದೆ ಅನ್ನ, ವಸತಿ, ಪಾಠ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, ನೂರಾಹನ್ನೊಂದರ ವಯಸ್ಸಿನಲ್ಲಿ ಲಿಂಗೈಕ್ಯರಾದ ದಿನ ನಮ್ಮ ಸೀಮೆಯಲ್ಲಿ ಅತ್ತವರಲ್ಲಿ ಹೆಚ್ಚಿನವರು ಭಕ್ತರೆಂದು ನಾನು ಹೇಳಲಾರೆ. ಅವರು ಅಲ್ಲಿ ಉಂಡವರು. ಮಠದ ರಾಗಿ ಬರುತ್ತಿದ್ದುದಾದರೂ ಎಲ್ಲಿಂದ? ಸುಗ್ಗಿಯಾದ ಮೇಲೆ ಇದೇ ಸೀಮೆಯ ಕಣಗಳಿಂದ. ತನ್ನ ಮಗನನ್ನು ಓದಿಸದ ರೈತನೂ ಬೇರೆಯವರ ಮಕ್ಕಳ ಮುದ್ದೆಗೆ ಒಂದು ಚೀಲ ಹಾಕಿ ಕಳಿಸುತ್ತಿದ್ದ.

ಅದಕ್ಕೂ ಹಿಂದಿನವರದು ವಾರಾನ್ನ. ವಾರಕ್ಕೆ ಏಳು ಮನೆ, ದಿನಕ್ಕೊಂದು ಊಟ. ಅದನ್ನು ಈಗ ಹೊಗಳುವವರು ಬಹಳ. ಆದರೆ ಆ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲ, ವಾರಾನ್ನಕ್ಕೂ ಜಾತಿಯಿತ್ತು. ಆ ಬಾಗಿಲ ಆಚೆಯೇ ಉಳಿದ ಎಷ್ಟೋ ಹುಡುಗರಿಗೆ ಮೊದಲು ಒಂದು ಮಂಚ, ಒಂದು ತಟ್ಟೆ ಸಿಕ್ಕಿದ್ದು ದೇವರಾಜ ಅರಸರ ಕಾಲದ ಸರ್ಕಾರಿ ಹಾಸ್ಟೆಲುಗಳಲ್ಲಿ.

ಈ ದಾರಿ ತುಮಕೂರಿಗೇ ಮುಗಿಯುತ್ತಿರಲಿಲ್ಲ ಎಂಬುದೇ ನನಗೆ ಇಂದಿಗೂ ಬೆರಗು. ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಒಬ್ಬ ಹುಡುಗ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದ. ಬಸ್ಸಿಗೆ ಕಾಸಿರಲಿಲ್ಲ. ಅವರೇ ಎಚ್. ನರಸಿಂಹಯ್ಯ. 1960ರಲ್ಲಿ ಅವರು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ವಾಪಸು ಬಂದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಕೊನೆಯವರೆಗೂ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಆ ಒಹಾಯೊ ಸ್ಟೇಟ್ ಕೂಡ ಒಂದು ಬಗೆಯ ಇನಾಮು ಭೂಮಿಯ ಕಾಲೇಜೇ. 1862ರಲ್ಲಿ ಅಮೆರಿಕದ ಸರ್ಕಾರ ಮಾರಿಲ್ ಕಾಯ್ದೆ ಮಾಡಿ, ರಾಜ್ಯಗಳಿಗೆ ಜಮೀನು ಕೊಟ್ಟು, ಅದನ್ನು ಮಾರಿದ ಹಣದಲ್ಲಿ ರೈತರ, ಕುಶಲಕರ್ಮಿಗಳ ಮಕ್ಕಳಿಗೆ ಕಾಲೇಜು ಕಟ್ಟಿ ಎಂದಿತು. (ಆ ಜಮೀನು ಮೂಲದಲ್ಲಿ ಯಾರದಾಗಿತ್ತು ಎಂದು ಅಲ್ಲಿನ ಆದಿವಾಸಿಗಳನ್ನು ಕೇಳಬೇಕು.) 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕಟ್ಟುವಾಗ ನಮ್ಮವರೂ ಅತ್ತ ನೋಡಿದ್ದರು, ವಿದ್ಯೆಯನ್ನು ಹಳ್ಳಿಯ ಜನದವರೆಗೆ ಒಯ್ಯುವ ಪಾಠವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ತೆಗೆದುಕೊಂಡರು.

ಅರವತ್ತರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೋದವರು ಜೇಬಿನಲ್ಲಿ ಒಯ್ಯಬಹುದಾಗಿದ್ದದ್ದು ಎಂಟು ಡಾಲರು. ಅದಕ್ಕಿಂತ ಹೆಚ್ಚು ವಿದೇಶಿ ವಿನಿಮಯವನ್ನು ಸರ್ಕಾರ ಕೊಡುತ್ತಿರಲಿಲ್ಲ. ಎಂಟು ಡಾಲರಿನಲ್ಲಿ ಹೋದವನು ಬದುಕಿದ್ದು ಹೇಗೆ? ಅಸಿಸ್ಟೆಂಟ್‌ಶಿಪ್‌ನಿಂದ. ಕಿರಿಯರಿಗೆ ಪಾಠ ಮಾಡು, ಲ್ಯಾಬಿನಲ್ಲಿ ದುಡಿ. ನಿನ್ನ ಫೀಜು ಮಾಫಿ, ತಿಂಗಳಿಗಿಷ್ಟು ಸಂಬಳ. ತುಮಕೂರಿನಲ್ಲಿ ಮಠ ಮಾಡಿದ್ದನ್ನು ಅಲ್ಲಿ ಆ ರಾಜ್ಯದ ತೆರಿಗೆದಾರ ಮಾಡುತ್ತಿದ್ದ. ಆ ಹುಡುಗ ಯಾರ ಮಗನೆಂದು ಅವನಿಗೂ ತಿಳಿದಿರಲಿಲ್ಲ.

ಆ ದಾರಿ ಕುಸಿಯತೊಡಗಿದ್ದು ಎರಡು ತುದಿಯಲ್ಲೂ. ನಮ್ಮ ತುದಿಯ ಕತೆ ಸುಪ್ರೀಂ ಕೋರ್ಟಿನ ಕಡತದಲ್ಲಿದೆ, ಅದರಲ್ಲಿ ತುಮಕೂರಿನ ಹೆಸರೂ ಇದೆ. 1989ರಲ್ಲಿ ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ವರ್ಷದ ಶುಲ್ಕ ಗೊತ್ತು ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರಗಿನವರಿಗೆ 60,000ದವರೆಗೆ. ಮೀರತ್ತಿನ ಮೋಹಿನಿ ಜೈನ್‌ಗೆ ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಸೀಟಿಗೆ ಬೇಕಿದ್ದ ಹಣ ಹೊಂದಲಿಲ್ಲ. ಆಕೆ ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಬಂತು: ಬದುಕುವ ಹಕ್ಕಿನಲ್ಲೇ ಓದುವ ಹಕ್ಕೂ ಸೇರಿದೆ, ಕ್ಯಾಪಿಟೇಶನ್ ಶುಲ್ಕ ಸಲ್ಲದು. ಮೇಷ್ಟರ ಕೋಣೆಯಲ್ಲಿ ಅಂದು ಆ ಸುದ್ದಿಯನ್ನು ಗಟ್ಟಿಯಾಗಿ ಓದಿದ್ದೆವು. ನಮ್ಮ ಹಿಗ್ಗು ಒಂದು ವರ್ಷವೂ ಬಾಳಲಿಲ್ಲ. 1993ರಲ್ಲಿ ದೊಡ್ಡ ಪೀಠ ಅದನ್ನು ಕತ್ತರಿಸಿ, ಹಕ್ಕು ಇರುವುದು ಹದಿನಾಲ್ಕು ವರ್ಷದವರೆಗೆ, ಆಮೇಲಿನದು ಸರ್ಕಾರದ ಕೈಲಾದಷ್ಟು ಎಂದಿತು. ಸರ್ಕಾರದ ಕೈಲಿ ಎಷ್ಟಾಗುತ್ತದೆಂಬುದನ್ನು ಆಮೇಲೆ ನೋಡುತ್ತಲೇ ಬಂದಿದ್ದೇವೆ. 2025ರಲ್ಲಿ ಸಂಪುಟ ಉಪಸಮಿತಿಯೊಂದು, ಹಣವಿಲ್ಲವೆಂದು, ಆಗಷ್ಟೇ ಹುಟ್ಟಿದ್ದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು.

ಅತ್ತ ತುದಿಯಲ್ಲಿ ಇದು ಇನ್ನೂ ಮೊದಲೇ ಶುರುವಾಗಿತ್ತು. ನ್ಯೂಯಾರ್ಕಿನ ಸಿಟಿ ಕಾಲೇಜು 1847ರಲ್ಲಿ ಹುಟ್ಟಿ ಬಡವರ, ವಲಸೆ ಬಂದವರ ಮಕ್ಕಳಿಗೆ ಪುಕ್ಕಟೆ ಪಾಠ ಹೇಳಿದ್ದು. 1976ರಲ್ಲಿ ನಗರದ ಬೊಕ್ಕಸ ಬರಿದಾದಾಗ ಫೀಜು ಹಾಕಿತು. ಒಂದೊಂದೇ ರಾಜ್ಯ ಕೈ ಹಿಂದೆಗೆದುಕೊಂಡ ಹಾಗೆಲ್ಲ ಹೊರೆ ತಂದೆತಾಯಿಯ, ಮಗುವಿನ ತಲೆಗೆ ಬಿತ್ತು. ಈಗ ಆ ದೇಶದ ವಿದ್ಯಾರ್ಥಿ ಸಾಲ 1.7 ಲಕ್ಷ ಕೋಟಿ ಡಾಲರು ದಾಟಿದೆ. ನಾಲ್ಕು ಕೋಟಿಗೂ ಹೆಚ್ಚು ಜನ ಸಾಲಗಾರರು. 2008ರ ಕುಸಿತದ ಮೇಲೆ ಅಲ್ಲಿ ಹುಟ್ಟುವ ಮಕ್ಕಳೂ ಕಡಿಮೆಯಾದವು, ಆಗ ಹುಟ್ಟಿದವರು ಕಾಲೇಜು ಮೆಟ್ಟಿಲೇರುವ ಕಾಲ ಇದೀಗ ಬಂದಿದೆ. ಸಣ್ಣ ಕಾಲೇಜುಗಳಿಗೆ ಬೀಗ ಬೀಳುತ್ತಿದೆ. ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ 1868ರಿಂದ ನಡೆದಿದ್ದ ವೆಲ್ಸ್ ಕಾಲೇಜು 2024ರಲ್ಲಿ ಮುಚ್ಚಿತು.

ಆ ಖಾಲಿ ಬೆಂಚುಗಳನ್ನು ತುಂಬಲು ಪೂರ್ತಿ ಫೀಜು ಕಟ್ಟುವ ಹೊರಗಿನವರು ಬೇಕು. 2023–24ರಲ್ಲಿ 3,31,602 ಭಾರತೀಯರು ಅಲ್ಲಿ ಓದುತ್ತಿದ್ದರು, ಚೀನಾದವರಿಗಿಂತ ಹೆಚ್ಚು. ಅವರಲ್ಲಿ ಬಹುಪಾಲು ಎಮ್ಮೆಸ್‌ನಂಥ ಮೇಲ್ಪದವಿಯವರು, ಅಂದರೆ ಬಹುತೇಕ ಸ್ವಂತ ದುಡ್ಡಿನವರು. ಒಂದು ಕಾಲಕ್ಕೆ ಒಹಾಯೊದ ರೈತನ ತೆರಿಗೆಯಲ್ಲಿ ನಮ್ಮ ಹುಡುಗ ಓದಿದ. ಈಗ ಕೊರಟಗೆರೆಯ ಸೈಟು ಬ್ಯಾಂಕಿನಲ್ಲಿ ಅಡ ಕೂತು ಒಹಾಯೊದ ಕಾಲೇಜನ್ನು ಸಾಕುತ್ತಿದೆ. ಡಾಲರಿಗೆ ಇಪ್ಪತ್ತೈದು ರೂಪಾಯಿ ಇದ್ದಾಗ ಇಲ್ಲಿಂದ ಹೋದವರಿದ್ದಾರೆ. ಈಗ ತೊಂಬತ್ತರ ಆಸುಪಾಸು. ಬಡ್ಡಿ ರೂಪಾಯಿಯಲ್ಲಿ ಓಡುತ್ತದೆ, ಫೀಜು ಡಾಲರಿನಲ್ಲಿ ಓಡುತ್ತದೆ.

2025ರ ಮೇ ಕೊನೆಗೆ ಅಮೆರಿಕ ಹೊಸ ವಿದ್ಯಾರ್ಥಿ ವೀಸಾಗಳ ಸಂದರ್ಶನವನ್ನು ಕೆಲವು ವಾರ ನಿಲ್ಲಿಸಿತಲ್ಲ, ಆಗ ನಮ್ಮ ಬೀದಿಯ ತಂದೆಯೊಬ್ಬರು ಪೇಪರು ಹಿಡಿದು ಬಂದರು. ಮಗ ಇಂಜಿನಿಯರಿಂಗ್ ಮುಗಿಸಿ, ಸಾಲ ಮಾಡಿ ಎಮ್ಮೆಸ್ ಸೀಟು ಹಿಡಿದಿದ್ದ.

“ಮೇಷ್ಟ್ರೆ, ಇಂಟ್ರೂ ನಿಲ್ಸವ್ರಂತೆ. ಕಟ್ಟಿರೋ ದುಡ್ಡು ವಾಪಸ್ ಕೊಡ್ತಾರಾ?”

ನನಗೆ ತಿಳಿಯದೆಂದೆ. ಹೇಗೋ ವೀಸಾ ಆಯಿತು, ಹುಡುಗ ಹೋದ. ಸೆಪ್ಟೆಂಬರಿನಲ್ಲಿ ಅಲ್ಲಿ ಕೆಲಸಕ್ಕೆ ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಲಕ್ಷ ಡಾಲರು ಎಂಬ ಆಜ್ಞೆ ಬಂದಾಗ ಅವರು ಮತ್ತೆ ಬಂದರು. ಅಲ್ಲೇ ಓದಿ ಅಲ್ಲೇ ಕೆಲಸಕ್ಕೆ ಸೇರುವವರಿಗೆ ಅದು ತಗಲುವುದಿಲ್ಲ ಎಂದು ಅಲ್ಲಿನ ಸರ್ಕಾರ ಆಮೇಲೆ ಬಿಡಿಸಿ ಹೇಳಿತು. ಆದರೆ ಆ ಹೊತ್ತಿಗೆ ಹುಡುಗನನ್ನು ಕಳಿಸಿಕೊಟ್ಟಿದ್ದ ಕನ್ಸಲ್ಟೆನ್ಸಿಯವನು ಫೋನು ಎತ್ತುವುದನ್ನೇ ಬಿಟ್ಟಿದ್ದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೊಂಬತ್ತರ ದಶಕದಲ್ಲಿ, ತುಮಕೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಅಸಿಸ್ಟೆಂಟ್‌ಶಿಪ್ ಸಿಕ್ಕಿ ಅಮೆರಿಕಕ್ಕೆ ಹೋದವನು. ಶಾಲೆಗೆ ಕಾಂಪೌಂಡು, ಕಂಪ್ಯೂಟರು ಕೊಡಿಸಿದ್ದಾನೆ, ಕೇಳಿದ್ದಕ್ಕೆ ಇಲ್ಲವೆಂದವನಲ್ಲ. ಈ ಹುಡುಗನ ಸಾಲದ ಒಂದು ಭಾಗಕ್ಕಾದರೂ ಹೆಗಲು ಕೊಡಬಹುದೇನೋ ಎಂದು ಫೋನಿನಲ್ಲಿ ಮಾತು ತೆಗೆದೆ. ಸ್ವಲ್ಪ ತಡೆದು ಹೇಳಿದ:

“ಸಾರ್, ನನ್ ಮಗಳು ಕಾಲೇಜಿಗೆ ಸೇರಿದಾಳೆ. ವರ್ಷಕ್ಕೆ ತೊಂಬತ್ ಸಾವಿರ ಡಾಲರ್, ಊಟ ವಸತಿ ಸೇರಿ. ಮನೆ ಮೇಲೆ ಸಾಲ ತಗೊಂಡಿದೀನಿ. ನೀವು ಬೇರೆ ಏನಾದ್ರೂ ಕೇಳಿ ಸಾರ್.”

ಇದನ್ನು ಆ ತಂದೆಗೆ ಹೇಳಲೋ ಬೇಡವೋ ಎಂದುಕೊಂಡೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

“ಅಲ್ಲಿದ್ದೋರಿಗೂ ಸಾಲ್ವೇ ಸಾ?” ಎಂದರು. ಆಮೇಲೆ, ಅಲ್ಲಿ ಬಡ್ಡಿ ಎಷ್ಟಂತೆ ಎಂದು ಕೇಳಿದರು.