ಸವೆಯದ ಯಂತ್ರಭಾಗ

ಲೋಹ ಸವೆಯುತ್ತದೆ, ತಂತಿ ತುಂಡಾಗುತ್ತದೆ, ತೈಲದ ಕೊಳವೆ ಸೋರುತ್ತದೆ. ಇದನ್ನು ಬಲ್ಲ ವಿಮಾನ ನಿರ್ಮಾಪಕರು ಮುಖ್ಯವಾದ ಅಂಗಗಳಿಗೆಲ್ಲ ಒಂದೊಂದು ಜೊತೆಯನ್ನು ಇರಿಸುವ ಪದ್ಧತಿಯನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ. ಆದರೆ ಇಂದಿನ ಸೇನಾ ವಿಮಾನಗಳಲ್ಲಿ ಸವೆಯದ, ತುಕ್ಕು ಹಿಡಿಯದ ಭಾಗವೊಂದು ಸೇರಿಕೊಂಡಿದೆ. ಗಣಕಯಂತ್ರವನ್ನು ನಡೆಸುವ ಆದೇಶಗಳ ಸರಣಿಯಾದ ತಂತ್ರಾಂಶವೇ ಅದು. ಅದರಲ್ಲಿ ತಪ್ಪೊಂದು ನುಸುಳಿತೆಂದರೆ ಎಲ್ಲ ಪ್ರತಿಗಳಲ್ಲಿಯೂ ಅದೇ ತಪ್ಪು. ಕಾಯಬೇಕಾದ ಜೊತೆಗಾರನೂ ಅದೇ ಹಳ್ಳಕ್ಕೆ ಬೀಳುತ್ತಾನೆ.

2007ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-22 ಯುದ್ಧವಿಮಾನಗಳ ಗುಂಪೊಂದು ಹವಾಯಿಯಿಂದ ಜಪಾನಿನ ಒಕಿನಾವಾ ದ್ವೀಪಕ್ಕೆ ಹೊರಟಿತು. ಪೆಸಿಫಿಕ್ ಸಾಗರದ ನಡುವೆ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟುತ್ತಲೇ ಅವುಗಳ ಗಣಕಗಳು ತತ್ತರಿಸಿದವು. ದಾರಿ ತೋರುವ ವ್ಯವಸ್ಥೆ ನಿಂತಿತು, ಇಂಧನದ ಲೆಕ್ಕ ಮರೆಯಾಯಿತು, ಸಂಪರ್ಕವೂ ಅಷ್ಟಿಷ್ಟು ಕೆಟ್ಟಿತು. ಶಾಲೆಯ ಭೂಪಟದಲ್ಲಿ ಮಕ್ಕಳು ಬೆರಳಿಟ್ಟು ತೋರಿಸುವ ಆ ರೇಖೆಯನ್ನು ಕಡಲಿನ ಮೇಲೆ ಯಾರೂ ಎಳೆದಿಲ್ಲ! ಒಂದು ವಿಮಾನ ಮಾತ್ರ ಕೆಟ್ಟಿದ್ದರೆ ಸಂಗಡಿಗರು ನೆರವಾಗುತ್ತಿದ್ದರು. ಇಲ್ಲಿ ಸಂಗಡಿಗರ ಪಾಡೂ ಅದೇ. ಪುಣ್ಯಕ್ಕೆ ಇಂಧನ ತುಂಬುವ ವಿಮಾನಗಳು ಜೊತೆಗಿದ್ದವು. ಅವುಗಳ ಬೆನ್ನು ಹಿಡಿದು ಎಲ್ಲವೂ ಹವಾಯಿಗೆ ಮರಳಿದವು. ತಪ್ಪನ್ನು ತಿದ್ದಲು ಕೆಲವೇ ದಿನಗಳು ಸಾಕಾದವು.

ಸ್ಪೇನಿನ ಸೆವಿಲ್ಲಾದಲ್ಲಿ ಇಂತಹ ಅದೃಷ್ಟವಿರಲಿಲ್ಲ. 2015ರ ಮೇ 9ರಂದು ಎ-400ಎಂ ಎಂಬ ಸೇನಾ ಸಾಗಣೆ ವಿಮಾನ ಪರೀಕ್ಷಾರ್ಥವಾಗಿ ಮೇಲೇರಿತು. ತಂತ್ರಾಂಶವನ್ನು ತುಂಬುವಾಗ ಮೂರು ಎಂಜಿನುಗಳಿಗೆ ಅಗತ್ಯವಾದ ಕೆಲವು ಅಂಕಿಗಳು ಅಳಿಸಿಹೋಗಿದ್ದವು. ವಿಮಾನ ನೆಲ ಬಿಟ್ಟ ಮೇಲೆ ಆ ಮೂರೂ ಚಾಲಕರ ಆಜ್ಞೆಗೆ ಓಗೊಡಲಿಲ್ಲ. ನಾಲ್ಕು ಎಂಜಿನುಗಳನ್ನು ಜೋಡಿಸಿದ್ದ ಉದ್ದೇಶವೇ ವ್ಯರ್ಥವಾಯಿತು. ನಾಲ್ವರು ಮಡಿದರು.

ಹಾಗಾದರೆ ಗಣಕವನ್ನೇ ಕೈಬಿಡಬಾರದೇಕೆ? ಅದು ಸಾಧ್ಯವಿಲ್ಲ. ಚುರುಕಾಗಿ ತಿರುಗಲೆಂದು ಇಂದಿನ ಅನೇಕ ಯುದ್ಧವಿಮಾನಗಳನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸುತ್ತಾರೆ. ಗಣಕವು ಕ್ಷಣಕ್ಷಣವೂ ತಿದ್ದುತ್ತಿರದಿದ್ದರೆ ಅವನ್ನು ನಿಲ್ಲಿಸುವುದು ಮನುಷ್ಯನ ಕೈಗೆ ಮೀರಿದ್ದು. ಬೆಂಗಳೂರಿನ ತೇಜಸ್ ಅಂಥದೇ ವಿಮಾನ. ಅದರ ಹಾರಾಟವನ್ನು ನಿಯಂತ್ರಿಸುವ ಗಣಕವ್ಯವಸ್ಥೆಗೆ ನಾಲ್ಕು ಸಮಾನ ಮಾರ್ಗಗಳುಂಟು. ನಾಲ್ಕಿದ್ದರೂ ತಪ್ಪಿನ ಭಯ ತಪ್ಪುವುದಿಲ್ಲವೆಂಬುದು ತಜ್ಞರಿಗೆ ಗೊತ್ತಿತ್ತು. 1995ರ ನವೆಂಬರಿನಲ್ಲಿ ಮೊದಲ ಮಾದರಿ ಕಾರ್ಖಾನೆಯಿಂದ ಹೊರಬಂದಿತಾದರೂ ಪರೀಕ್ಷೆಗಳು ಮುಗಿಯಲಿಲ್ಲ. 1998ರ ಅಣ್ವಸ್ತ್ರ ಪರೀಕ್ಷೆಯ ನಂತರ ಅಮೆರಿಕದ ಸಹಾಯವೂ ನಿಂತುಹೋಯಿತು. ವಿಳಂಬವನ್ನು ಹಳಿದವರು ಹಲವರು. ಆ ಕಾಲವೆಲ್ಲ ವ್ಯರ್ಥವಾಯಿತೆನ್ನುವುದು ನ್ಯಾಯವಲ್ಲ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅದನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿ, ಸುಮಾರು 18 ನಿಮಿಷಗಳ ಬಳಿಕ ಸುರಕ್ಷಿತವಾಗಿ ಇಳಿಸಿದರು.