ಪುಟ್ಟಿಯೊಡನೆ ಕಾರವಾರಕ್ಕೆ

ಮುಂಬಯಿಯ ಕನ್ನಡಿಗನಿಗೆ ರಜೆಯೆಂದರೆ ಊರು. ಊರೆಂದರೆ ಮದುವೆ, ಗೃಹಪ್ರವೇಶ, ಹರಕೆಯ ಬಯಲಾಟ, ಜಾಗದ ಪಾಲುಪಟ್ಟಿಯ ಮಾತು; ಇವುಗಳ ನಡುವೆ ಬಿಡುವಾದ ದಿನಗಳಲ್ಲಿ ನಂಟರ ಮನೆಗಳ ಸರದಿ. ಹದಿನೈದು ದಿನಗಳನ್ನು ಹೀಗೆ ಸವೆಸಿ ಕುರ್ಲಾಕ್ಕೆ ಮರಳಿದಾಗ, ಹೊರಡುವಾಗ ಇದ್ದುದಕ್ಕಿಂತ ಹೆಚ್ಚು ಆಯಾಸವಾಗಿರುತ್ತದೆ. ಇದು ದೂರಲ್ಲ. ಹಾಗೆ ಹೋಗಿ ಬರುತ್ತಿರುವುದರಿಂದಲೇ ನಾವು ಇನ್ನೂ ಊರಿನವರಾಗಿ ಉಳಿದಿದ್ದೇವೆ. ಆದರೆ ಮನೆಯಲ್ಲಿ ಎಂಟು ತಿಂಗಳ ಕೂಸಿರುವಾಗ ಈ ಕ್ರಮವನ್ನು ಮೂರು ದಿನಗಳ ಮಟ್ಟಿಗಾದರೂ ಬದಲಿಸಬಾರದೇಕೆ ಎಂದು ನಮಗೆ ತೋರಿತು.

ಕಾರಣವನ್ನು ಬಿಚ್ಚಿ ಹೇಳಬೇಕು. ನಾವಿಬ್ಬರೂ ದುಡಿಯುವವರು. 2017ರ ತಿದ್ದುಪಡಿಯಿಂದಾಗಿ ಹೆರಿಗೆ ರಜೆ ಇಪ್ಪತ್ತಾರು ವಾರಗಳಿಗೆ ಏರಿದೆ, ಒಳ್ಳೆಯದೇ. ಆದರೆ ಇಪ್ಪತ್ತಾರು ವಾರಗಳೂ ಒಂದು ದಿನ ಮುಗಿಯುತ್ತವೆ. ಅಂದಿನಿಂದ ನಮ್ಮಲ್ಲೊಬ್ಬರು ಹಾರ್ಬರ್ ಲೈನಿನಲ್ಲಿ ವಾಶಿಯ ಕಡೆಗೆ, ಇನ್ನೊಬ್ಬರು ಮಸೀದ್ ಬಂದರಿನ ಕಡೆಗೆ. ಬೆಳಿಗ್ಗೆ ಹೊರಡುವಾಗ ಪುಟ್ಟಿಗೆ ನಿದ್ದೆ. ರಾತ್ರಿ ಕುರ್ಲಾದ ಸೇತುವೆಯ ಜನಸಂದಣಿಯನ್ನು ತಳ್ಳಿಕೊಂಡು ಮನೆ ಮುಟ್ಟುವಾಗಲೂ ಹೆಚ್ಚಾಗಿ ನಿದ್ದೆಯೇ. ಹಗಲೆಲ್ಲ ಅಜ್ಜಿಯ ಮಡಿಲು. ಭಾನುವಾರ ನಾವು ಎತ್ತಿಕೊಂಡರೆ ಮಗು ನಮ್ಮ ಮುಖವನ್ನು ಒಂದು ಗಳಿಗೆ ಪರೀಕ್ಷಿಸಿ, ತುಟಿ ಮುಂದೆ ಮಾಡಿ, ಅಜ್ಜಿಯ ಕಡೆಗೆ ಕೈಚಾಚುತ್ತಿತ್ತು. ಅಜ್ಜಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು, ಆದರೆ ಆ ನಗುವಿನಲ್ಲಿ ಸ್ವಾರಸ್ಯವಿರಲಿಲ್ಲ.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿರುವ ನಮ್ಮ ನಾದಿನಿಯ ಸುದ್ದಿ ಬಂದಿತು. ಅವಳ ಕೂಸೂ ಪುಟ್ಟಿಯ ಓರಗೆಯದೇ. ಅದನ್ನು ಬ್ಲ್ಯಾಕ್‌ಪೂಲಿನ ಕಡಲಿಗೆ ಕರೆದೊಯ್ದಿದ್ದರಂತೆ. ಆಗಸ್ಟ್ ತಿಂಗಳು, ಅಂದರೆ ಅಲ್ಲಿನ ಬೇಸಿಗೆ. ಆದರೂ ಕೂಸಿಗೆ ಉಣ್ಣೆಯ ಟೊಪ್ಪಿಗೆ! ಮರಳಿನ ಮೇಲೆ ಕತ್ತೆಸವಾರಿ, 1885ರಿಂದ ಓಡುತ್ತಿರುವ ಟ್ರಾಮು, 1894ರಲ್ಲಿ ಎದ್ದುನಿಂತ ಗೋಪುರ, ಎಲ್ಲದರ ಚಿತ್ರಗಳೂ ಬಂದವು. ಆ ದೇಶದಲ್ಲಿ ಕಡಲಿಗೆ ಹೋಗುವುದನ್ನು ಮೊದಲು ಕಲಿಸಿದವರು ಹದಿನೆಂಟನೆಯ ಶತಮಾನದ ವೈದ್ಯರು. ಉಪ್ಪುನೀರಿನ ಸ್ನಾನವನ್ನು ಔಷಧವೆಂದು ಬರೆದುಕೊಡುತ್ತಿದ್ದರು. ಮುಂದಿನ ಶತಮಾನದಲ್ಲಿ ರೈಲು ಬಂದಿತು. ಗಿರಣಿ ಕೆಲಸಗಾರರೂ ಸಂಸಾರ ಸಮೇತ ಕಡಲಿಗೆ ಹೊರಟರು. ಔಷಧ ಹೋಗಿ ಹಬ್ಬವಾಯಿತು. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದರೂ ನಮ್ಮವರು ನೀರಿಗಿಳಿಯುವುದು ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ, ಇಲ್ಲವೇ ಹೊಟ್ಟೆಪಾಡಿಗೆ. ಸುಮ್ಮನೆ ಕುಳಿತು ಕಡಲನ್ನು ನೋಡುವವನು ಕೆಲಸವಿಲ್ಲದವನು.

ಕಾರವಾರ ಎಂದು ನಾವು ಹೆಸರೆತ್ತಿದೊಡನೆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಕಾರ್ವಾರ್ದಗೆ ನಮ್ಗೆ ಯಾರ್ ಇದ್ರ್?" ಅಜ್ಜಿ ಕುಂದಾಪುರದ ಕಡೆಯವರು. ಐವತ್ತು ವರ್ಷ ಮುಂಬಯಿಯಲ್ಲಿದ್ದರೂ ಮಾತು ಮಾತ್ರ ಹಾಗೆಯೇ ಇದೆ. ಯಾರಾದರೂ ಇರುವ ಕಡೆಗೆ ಹೋಗುವುದು ಅವರ ಲೆಕ್ಕ. ಯಾರೂ ಇಲ್ಲದ ಕಡೆಗೆ ದುಡ್ಡು ಕೊಟ್ಟು ಹೋಗುವುದೆಂದರೇನು?

ಆದರೆ ಅವರ ಮನಸ್ಸಿನಲ್ಲಿದ್ದ ಅಳುಕು ಬೇರೆಯೇ. 2005ರ ಜುಲೈ 26ರಂದು ನಾವು ಕುರ್ಲಾ ಪಶ್ಚಿಮದ ಚಾಳಿನಲ್ಲಿದ್ದೆವು. ಆ ದಿನ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ತಾಸುಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿ ಮನೆಗಳೊಳಗೆ ಬಂದಿತು. ಅಜ್ಜಿ ಅಕ್ಕಿಡಬ್ಬಿಯನ್ನೂ ದೇವರ ಪಟವನ್ನೂ ತಬ್ಬಿಕೊಂಡು ರಾತ್ರಿಯೆಲ್ಲ ಅಟ್ಟದ ಮೇಲೆ ಕುಳಿತಿದ್ದರು. ಕೆಳಗೆ ಕತ್ತಲಲ್ಲಿ ಪಾತ್ರೆಗಳು ತೇಲಿ ಒಂದಕ್ಕೊಂದು ತಾಗುವ ಸದ್ದು. ಅಂದಿನಿಂದ ಅವರು ಜುಹೂ ಕಡಲಿಗೂ ಬಂದವರಲ್ಲ. ನೀರಿಗೂ ಬೆಂಕಿಗೂ ಸಲುಗೆ ಕೊಡಬಾರದು ಎನ್ನುತ್ತಾರೆ. ಅವರನ್ನು ಬಿಟ್ಟು ಹೋಗುವಂತಿಲ್ಲ, ಒತ್ತಾಯಿಸುವಂತೆಯೂ ಇಲ್ಲ. ಕೊನೆಗೆ, ಕಾರವಾರದಿಂದ ನೇರವಾಗಿ ಊರಿಗೇ ಹೋಗುವುದೆಂದು ಮಾತಾದ ಮೇಲೆ, "ಹಾಂಗಾರೆ ಹೋಪ" ಎಂದರು.

ಕುರ್ಲಾದಲ್ಲಿರುವವರಿಗೆ ಒಂದು ಸೌಭಾಗ್ಯವಿದೆ. ಊರಿನ ರೈಲು ನಮ್ಮ ಮನೆಬಾಗಿಲಿನಿಂದಲೇ ಹೊರಡುತ್ತದೆ. ಹಳಬರು ಈಗಲೂ ಕುರ್ಲಾ ಟರ್ಮಿನಸ್ ಎಂದೇ ಕರೆಯುವ ಲೋಕಮಾನ್ಯ ತಿಲಕ ಟರ್ಮಿನಸ್ಸಿನಿಂದ ಮಧ್ಯಾಹ್ನ ಮೂರರ ಮೇಲೆ ಮತ್ಸ್ಯಗಂಧಾ ಹೊರಟರೆ, ಬೆಳಕು ಹರಿಯುವುದಕ್ಕೆ ಮೊದಲೇ ಕಾರವಾರ. ಈ ರೈಲಿಗೆ ಬೆಸ್ತರ ಹುಡುಗಿ ಸತ್ಯವತಿಯ ಹೆಸರನ್ನಿಟ್ಟವರು ರಸಿಕರೇ ಇರಬೇಕು. ಮೀನಿನ ವಾಸನೆಯ ನಾಡಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದಿದೆ? ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿಯಾಗುವ ಮುನ್ನ ಇದೇ ದಾರಿಗೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಲುಕಬೇಕಿತ್ತು. ಅದಕ್ಕೂ ಹಿಂದೆ ಹಡಗಿನ ಕಾಲ. ಅಜ್ಜಿಯ ಅತ್ತೆ ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಮುಂಬಯಿ ಸೇರಿದವರಂತೆ.

ಐದು ವರ್ಷದೊಳಗಿನ ಮಕ್ಕಳಿಗೆ ಟಿಕೀಟಿಲ್ಲ, ಹಾಗೆಯೇ ಮಲಗಲು ಜಾಗವೂ ಇಲ್ಲ. ಅಜ್ಜಿಯ ಹಳೆಯ ನೂಲಿನ ಸೀರೆಯೇ ನಮ್ಮನ್ನು ಕಾಯಿತು; ಕೆಳಗಿನ ಬರ್ತಿನಲ್ಲಿ ಹಾಸಿಗೆ, ಕಿಟಕಿಗೆ ಪರದೆ, ಮರುದಿನ ಕಡಲದಂಡೆಯಲ್ಲಿ ಗಾಳಿಮರದ ಕೊಂಬೆಗೆ ತೊಟ್ಟಿಲು. ಈ ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ರತ್ನಾಗಿರಿಗೆ ಮುನ್ನ ಬರುವ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದ. ಸದ್ದು ಒಮ್ಮೆಲೇ ಬದಲಾದಾಗ ಪುಟ್ಟಿ ಬೆಚ್ಚಿ ಎದ್ದಳು. ಸುರಂಗ ಮುಗಿಯುವ ತನಕ ಅತ್ತಳು. ಇಡೀ ಡಬ್ಬಿಯೇ ಸಮಾಧಾನಕ್ಕೆ ಬಂದಿತು. ಎದುರಿನ ಸೀಟಿನ ಮೂಲ್ಕಿಯವರೊಬ್ಬರು ಬೀಗದ ಕೈ ಗೊಂಚಲನ್ನು ಆಡಿಸಿದರು. ನಾವು ಎತ್ತಿಕೊಂಡೆವು, ನಿಲ್ಲಲಿಲ್ಲ. ಅಜ್ಜಿ ಎತ್ತಿಕೊಂಡರು, ನಿಂತಿತು.

ಕಾರವಾರದ ಸ್ಟೇಷನ್ನು ಪಟ್ಟಣದಲ್ಲಿಲ್ಲ, ದೂರದ ಶಿರವಾಡದಲ್ಲಿದೆ. ಕೂಸಿನೊಡನೆ ಹೋಗುವವರು ಬೆಳಗಿನ ಜಾವದ ರಿಕ್ಷಾಕ್ಕೆ ಮೊದಲೇ ಹೇಳಿಡುವುದು ಒಳಿತು. ನಾವು ಹೋದದ್ದು ಡಿಸೆಂಬರಿನಲ್ಲಿ. ಮಗುವಿಗೊಂದು ಸ್ವೆಟರು ಸಾಕಾಯಿತು, ಅದೂ ರಿಕ್ಷಾದ ಗಾಳಿಗೆ. ಸೂರ್ಯ ಮೇಲೆ ಬಂದ ಮೇಲೆ ಅದನ್ನು ಮಡಚಿಟ್ಟವರು ಮತ್ತೆ ತೆಗೆಯಲಿಲ್ಲ. ಈ ಒಂದು ವಿಷಯದಲ್ಲಿ ನಾದಿನಿಯ ಬ್ಲ್ಯಾಕ್‌ಪೂಲನ್ನು ಕಾರವಾರ ಸಲೀಸಾಗಿ ಗೆಲ್ಲುತ್ತದೆ.

ಈ ಊರಿಗೂ ಮುಂಬಯಿಗೂ ಹಳೆಯ ನಂಟಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ ಒಂದರ ತನಕ ಇಲ್ಲಿನ ಕಾಗದಪತ್ರಗಳೆಲ್ಲ ಮುಂಬಯಿಯ ದಾರಿ ನೋಡುತ್ತಿದ್ದವು. ಬಜಾರದಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ನಡೆಯುತ್ತವೆ. ನಮ್ಮ ಅಜ್ಜಿ ಹೋಟೆಲಿನ ಅಡುಗೆಮನೆಗೆ ಸೀದಾ ನುಗ್ಗಿ, ಕುಂದಾಪುರದ ಕನ್ನಡಕ್ಕೆ ಕುರ್ಲಾದ ಮರಾಠಿಯನ್ನು ಬೆರೆಸಿ, ರಾಗಿ ಮಣ್ಣಿ ಕಾಯಿಸಲು ಒಂದು ಒಲೆಯನ್ನು ಸಂಪಾದಿಸಿಕೊಂಡರು. ಎರಡನೆಯ ದಿನಕ್ಕೆ ಅಡುಗೆಯವರು ತಾವಾಗಿಯೇ ಗಂಜಿಯನ್ನು ಮೆತ್ತಗೆ ಬೇಯಿಸಿ ಕಳಿಸಿದರು.

ಪಟ್ಟಣದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು; ಮುಂಬಯಿ ಪ್ರಾಂತದ ನ್ಯಾಯಾಧೀಶರಾಗಿ ಇಲ್ಲಿದ್ದರು. 1880ರ ದಶಕದ ಮೊದಲ ವರ್ಷಗಳಲ್ಲಿ ಇಪ್ಪತ್ತರ ಹರೆಯದ ತಮ್ಮ ಅಣ್ಣನ ಮನೆಗೆ ಬಂದು ನಿಂತರು. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋದದ್ದನ್ನೂ, ಮರಳಿನ ಮೇಲೆ ನಡೆದು ಬಂದದ್ದನ್ನೂ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದದ್ದು ಇಲ್ಲಿಯೇ. ಎಲ್ಲ ಬಂಧನಗಳನ್ನೂ ಕಡಿದುಕೊಂಡೆನೆಂದು ಹೆಮ್ಮೆಪಡುವ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು. ನಾವೇನೂ ಸಂನ್ಯಾಸಿಗಳಲ್ಲ, ಲೋಕಲ್ ರೈಲಿನ ಸಂಸಾರಿಗಳು. ಆದರೂ ಬೆಂಚಿನ ಮೇಲೆ ಕುಳಿತು ಆ ಕಥೆಯನ್ನು ನೆನೆದಾಗ ಮಡಿಲಲ್ಲಿದ್ದ ಪುಟ್ಟಿಯ ಕಡೆಗೆ ಕಣ್ಣು ಹೋಯಿತು. ಅವಳು ನಮ್ಮ ಕೈಗಡಿಯಾರವನ್ನು ಜಗಿಯುತ್ತಿದ್ದಳು.

ಮೊದಲ ದಿನ ಅವಳನ್ನು ಮರಳಿನ ಮೇಲೆ ಕೂರಿಸಿದಾಗ ಕಾಲುಗಳನ್ನು ಮೇಲಕ್ಕೆತ್ತಿಕೊಂಡಳು, ಬಿಸಿ ದೋಸೆಯ ಕಾವಲಿ ತಾಗಿತೇನೋ ಎಂಬಂತೆ. ಆಮೇಲೆ ಮುಷ್ಟಿ ತುಂಬ ಮರಳು, ಮುಷ್ಟಿಯಿಂದ ಬಾಯಿಗೆ. ಅಜ್ಜಿ ದೂರದ ಮೆಟ್ಟಿಲಿನ ಮೇಲೆಯೇ ಕುಳಿತಿದ್ದರು, ನೀರಿಗೆ ಬೆನ್ನು ಹಾಕಿ. ಅಲೆಯೊಂದು ಬಂದು ಅವಳ ಅಂಗಾಲನ್ನು ಮುಟ್ಟಿತು. ಅತ್ತಳು. ಅಂದಿಗೆ ಅಷ್ಟೇ.

ಏರಿಳಿತದ ಹೊತ್ತನ್ನು ಮೀನುಗಾರರಲ್ಲಿ ಕೇಳಿಕೊಂಡರೆ ಸಾಕು. ದಿನದಿಂದ ದಿನಕ್ಕೆ ಅದು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಇಳಿದಿರುವ ಹೊತ್ತಿನಲ್ಲಿ ದಂಡೆ ಅಗಲವಾಗಿ, ಗಟ್ಟಿಯಾಗಿ, ಅಂಬೆಗಾಲಿಗೆ ಹೇಳಿ ಮಾಡಿಸಿದಂತಿರುತ್ತದೆ. ಬಿಸಿಲಿಗೆ ಮಾತ್ರ ಹೆದರಬೇಕು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ. ನಡುವಿನ ಹೊತ್ತು ಕೋಣೆಯಲ್ಲಿ ನಿದ್ದೆ. ಹಾಗೆ ನೋಡಿದರೆ, ಮಧ್ಯಾಹ್ನ ಮೂರು ಜನರೂ ಕೂಸೂ ಒಟ್ಟಿಗೆ ಮಲಗಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಎರಡನೆಯ ಬೆಳಿಗ್ಗೆ ದಂಡೆಯಿಂದ ಬಲೆ ಎಳೆಯುತ್ತಿದ್ದರು. ಈ ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆಯೆಂದರೆ ಊರಿಗೆ ಊರೇ ಹಗ್ಗ ಹಿಡಿಯುವ ಕೆಲಸ. ಬಂಗುಡೆಯ ರಾಶಿ ಬೀಳುತ್ತಿತ್ತು. 1970ರ ದಶಕದ ನಡುವಿನಿಂದ ಯಂತ್ರದೋಣಿಗಳ ದೊಡ್ಡ ಬಲೆಗಳು ಬಂದು ರಂಪಣಿ ಸೊರಗಿತು. ನಾವು ಕಂಡದ್ದು ಹತ್ತಿಪ್ಪತ್ತು ಜನರ ಸಣ್ಣ ಬಲೆ. ಅಜ್ಜಿ ಎದ್ದು ನಿಂತರು. ತವರೂರಿನಲ್ಲಿ ಎಳವೆಯಲ್ಲಿ ನೋಡಿದ್ದು ಅದು. ಬಲೆ ಹತ್ತಿರವಾಗುತ್ತ ಬಂದಂತೆ ಅವರೂ ಮೆಟ್ಟಿಲಿಳಿದು, ಮರಳು ದಾಟಿ, ಹಗ್ಗದವರ ಬೆನ್ನ ಹಿಂದೆ ನಿಂತು, ಯಾವ ಮೀನಿಗೆ ಇಲ್ಲಿ ಏನು ಹೆಸರೆಂದು ವಿಚಾರಿಸತೊಡಗಿದರು. ಅಲೆ ಬಂದು ಅವರ ಸೀರೆಯ ಅಂಚು ನೆನೆಯಿತು. ಅವರು ಹಿಂದೆ ಸರಿಯಲಿಲ್ಲ. ನಾವು ಅದನ್ನು ಕಂಡೂ ಕಾಣದವರಂತಿದ್ದೆವು. ಮಾತಾಡಿದ್ದರೆ ಮತ್ತೆ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದರು.

ಆ ಹೊತ್ತೆಲ್ಲ ಪುಟ್ಟಿ ನಮ್ಮ ಕೈಯಲ್ಲಿದ್ದಳು. ಅಜ್ಜಿ ಮೀನಿನ ಮಾತಿನಲ್ಲಿ ಮುಳುಗಿ ಒಂದು ತಾಸು ಈ ಕಡೆ ನೋಡಲೇ ಇಲ್ಲ. ಅವಳೂ ಅವರನ್ನು ಹುಡುಕಲಿಲ್ಲ. ಮೂರನೆಯ ಸಂಜೆ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದವಳು ತಾನಾಗಿ ಅಂಬೆಗಾಲಿಕ್ಕುತ್ತ, ದಾರಿಯಲ್ಲಿ ಸಿಕ್ಕಿದ ಚಿಪ್ಪೊಂದಕ್ಕೆ ನಿಂತು, ಅದನ್ನು ಬಿಟ್ಟು, ನೀರಿನಂಚಿನಲ್ಲಿ ಕುಳಿತಿದ್ದ ನಮ್ಮ ಬಳಿಗೆ ಬಂದು ತೊಡೆಯನ್ನು ಹಿಡಿದು ಎದ್ದು ನಿಂತಳು. ಹತ್ತು ಹೆಜ್ಜೆಯ ದೂರ ಇದ್ದೀತು. ನಮ್ಮಿಬ್ಬರಲ್ಲಿ ಯಾರ ತೊಡೆ ಎಂಬುದರ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.

ನೋಡಬೇಕಾದ ಬೇರೆ ಸ್ಥಳಗಳ ಪಟ್ಟಿಯನ್ನು ವಾಚಕರು ನಮ್ಮಿಂದ ನಿರೀಕ್ಷಿಸಬಾರದು. ದಂಡೆಯ ಮೇಲಿರುವ 'ಚಪಲ್' ಯುದ್ಧನೌಕೆಯನ್ನು ಹೊರಗಿನಿಂದ ನೋಡಿದೆವು. ಸದಾಶಿವಗಡದ ಗುಡ್ಡವನ್ನು ಕಾಳಿಯ ಈಚೆಯಿಂದಲೇ ನೋಡಿದೆವು. ಅಲ್ಲಿನ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದುಬಿದ್ದಿತು. ತೆಂಕಣ ಅರಗಾದ ಕಡೆಯ ದಂಡೆ ನೌಕಾನೆಲೆಗೆ ಸೇರಿದೆ, ಅಲ್ಲಿ ಜನರಿಗೆ ಪ್ರವೇಶವಿಲ್ಲ. ಕುರುಮಗಡಕ್ಕೆ ದೋಣಿಯುಂಟು, ಕೂಸಿನೊಡನೆ ದೋಣಿಯೆಂದರೆ ಅಜ್ಜಿಯ ಧೈರ್ಯವಿರಲಿ, ನಮ್ಮ ಧೈರ್ಯವೂ ಸಾಲಲಿಲ್ಲ.

ನಾಲ್ಕನೆಯ ದಿನ ಬಸ್ಸಿನಲ್ಲಿ ಊರಿನ ಕಡೆಗೆ ಹೊರಟೆವು. ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕೆ, ಇನ್ನೊಂದು ಮಗ್ಗುಲಿಗೆ ಕಡಲು. ಪುಟ್ಟಿ ಕಡಲ ಕಡೆಯ ಕಿಟಕಿಗೆ ಅಂಗೈ ಬಡಿದು ಏನೋ ಕೂಗಿದಳು. ಊರು ಮುಟ್ಟಿ ಕೈಕಾಲು ತೊಳೆಯುವ ಮೊದಲೇ ನಾವು ನಿರೀಕ್ಷಿಸಿದ್ದ ಪ್ರಶ್ನೆ ಬಂದಿತು. ನಡುವೆ ಕಾರವಾರದಲ್ಲಿ ಇಳಿದಿರಾ? ಅಲ್ಲಿ ನಮ್ಮವರು ಯಾರಿದ್ದಾರೆ? ಉತ್ತರವನ್ನು ನಾವು ಹುಡುಕುತ್ತಿರುವಾಗ ಅಜ್ಜಿ ಚಾವಡಿಯಲ್ಲಿ ಕಾಲು ನೀಡಿ ಕುಳಿತು, "ಯಾರೂ ಇಲ್ದಿದ್ದಕ್ಕೇ ಲಾಯ್ಕ್ ಆಯ್ತ್" ಎಂದರು. ಬಳಿಕ ಕಾರವಾರದ ಬಂಗುಡೆಯ ಗಾತ್ರವನ್ನು ಮೊಣಕೈಯವರೆಗೆ ಅಳೆದು ತೋರಿಸಿದರು. ಅಷ್ಟು ದೊಡ್ಡ ಬಂಗುಡೆಯನ್ನು ನಾವಂತೂ ಕಂಡಿರಲಿಲ್ಲ.

ಮರುದಿನದಿಂದ ನಂಟರ ಮನೆಗಳ ಸರದಿ ಆರಂಭವಾಯಿತು. ಒಟ್ಟು ಹನ್ನೊಂದು ಮನೆಗಳು, ಮೊದಲನೆಯದು ಕೋಟೇಶ್ವರದಲ್ಲಿ.